ಅರವತ್ತು ಲೀಟರಿನ ಕಡಲು

ಬೆಂಗಳೂರಿನ ನಮ್ಮ ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಡಲು ಹೊರಟಾಗ, ಸಿಹಿನೀರಿನ ಗಪ್ಪಿ ಮೀನುಗಳನ್ನು ಐದಾರು ವರ್ಷ ಸಾಕಿದ ಅನುಭವವೇ ಸಾಕೆಂದು ನಾನು ಭಾವಿಸಿದ್ದೆ. ಅಡುಗೆ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವು ಸೇರಿರುವ ಅಕ್ವೇರಿಯಂ ಉಪ್ಪೇ ಬೇಕು. ಗಡಸಾದ ಬೋರ್‌ವೆಲ್ ನೀರನ್ನು ಬಿಟ್ಟು, ಆರ್‌ಒ ನೀರಿನಲ್ಲಿ ಅದನ್ನು ಕರಗಿಸಿ, ಒಂದು ದಿನ ಪಂಪು ಓಡಿಸಿ, ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) ಕಡಲ ನೀರಿನಂತೆ 1.025ಕ್ಕೆ ಬಂದಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ತೊಟ್ಟಿಗೆ ಸುರಿದೆ.

ನಿಜವಾಗಿ ಕಷ್ಟವಾದದ್ದು ಕಾಯುವುದು. ಮೀನಿನ ಮಲ ಮತ್ತು ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೇನೂ ವಿಷಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ತೊಟ್ಟಿಯೊಳಗಿನ ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೂರನೆಯ ವಾರ ಬಿಳಿ ಮರಳಿನ ಮೇಲೆ ಚಹಾಪುಡಿ ಉದುರಿಸಿದಂತೆ ಕಂದು ಪಾಚಿ ಹರಡಿದಾಗ ಗಾಬರಿಯಾದರೂ, ಅದು ಹೊಸ ತೊಟ್ಟಿಗಳಲ್ಲಿ ಸಾಮಾನ್ಯವಾದ ಡಯಾಟಮ್ ಎಂದು ಆಮೇಲೆ ತಿಳಿಯಿತು.

ನಾನು ಮಾಡಿದ ತಪ್ಪು ಬೇರೆಯದು. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಎಂಬುದನ್ನು (ಶಾಲೆಯಲ್ಲಿ ಓದಿದ್ದೇ!) ಮರೆತು, ಕಡಿಮೆಯಾದಷ್ಟು ಉಪ್ಪುನೀರನ್ನೇ ಸೇರಿಸುತ್ತ ಹೋದ ಕಾರಣ ಸಾಂದ್ರತೆ 1.028ಕ್ಕೆ ಏರಿತ್ತು. ಈಗ ಗಾಜಿನ ಮೇಲೆ ಗೆರೆ ಎಳೆದು, ಪ್ರತಿದಿನ ಬೆಳಿಗ್ಗೆ ಆ ಗೆರೆಯವರೆಗೆ ಆರ್‌ಒ ನೀರನ್ನಷ್ಟೇ ತುಂಬುತ್ತೇನೆ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಬಳಿಕ ಎರಡು ಕ್ಲೌನ್ ಮೀನುಗಳನ್ನು ತಂದೆ. ಕಡಲಿನಲ್ಲಿ ಅವು ಆಸರೆ ಪಡೆಯುವ ಕಡಲಹೂವು (ಸೀ ಅನಿಮೋನಿ ಎಂಬ ಜೀವಿ) ತೊಟ್ಟಿಯಲ್ಲಿ ಅನಿವಾರ್ಯವೇನಲ್ಲ. ಚಿಕ್ಕದಂತೂ ಹೀಟರಿನ ಮೂಲೆಯನ್ನೇ ಮನೆ ಮಾಡಿಕೊಂಡಿದೆ.