ಹಳೆಯ ಓಮ್ನಿಯಲ್ಲಿ ಹುಬ್ಬಳ್ಳಿಯಿಂದ ಅಂಕೋಲಾ: ಅರಬೈಲು ಘಟ್ಟಕ್ಕೆ ಮೊದಲು ಬ್ರೇಕ್ ನೋಡಿಕೊಳ್ಳಿ

ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಕಲಘಟಗಿ, ಕಿರವತ್ತಿ, ಯಲ್ಲಾಪುರ ದಾಟಿ ಅಂಕೋಲಾ ಮುಟ್ಟಲು ಸುಮಾರು 140 ಕಿ.ಮೀ. ಯಲ್ಲಾಪುರದ ತನಕ ದೊಡ್ಡ ಇಳಿಜಾರು ಎಲ್ಲೂ ಇಲ್ಲ. ಅರ್ಧಂಬರ್ಧ ಬ್ರೇಕ್ ಇದ್ದರೂ ಅಲ್ಲಿಯವರೆಗೆ ಗಾಡಿ ಸಾಗಿಬಿಡುತ್ತದೆ, ತೊಂದರೆ ಇರುವುದೇ ಅದರಲ್ಲಿ. ಇಡಗುಂದಿ ದಾಟಿದ ಮೇಲೆ ಅರಬೈಲು ಘಟ್ಟ ಶುರುವಾಗುತ್ತದೆ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಮನೆಮಂದಿಯನ್ನೆಲ್ಲ ತುಂಬಿಕೊಂಡ ನಿಮ್ಮ ವ್ಯಾನು. ಆದ್ದರಿಂದ ಬ್ರೇಕಿನ ಕೆಲಸ ಹುಬ್ಬಳ್ಳಿಯಲ್ಲೇ ಮುಗಿಯಬೇಕು, ಅದೂ ಹೊರಡುವ ಹಿಂದಿನ ಸಂಜೆಯಲ್ಲ, ಒಂದು ವಾರ ಮೊದಲು. ಮುಂದಿನ ಡಿಸ್ಕನ್ನು ಹಿಡಿಯುವ ಹೊಸ ಪ್ಯಾಡು, ಹಿಂದಿನ ಡ್ರಮ್ಮಿನ ಒಳಗೆ ಒತ್ತುವ ಹೊಸ ಶೂ ಸರಿಯಾಗಿ ಕೂರಬೇಕಾದರೆ ಊರ ಸುತ್ತಮುತ್ತ 150-200 ಕಿ.ಮೀ. ಓಡಾಡಬೇಕು.

ಗಾಡಿ ಎತ್ತುವ ಮೊದಲು ಪೆಡಲ್ ಒತ್ತಿ ನೋಡಿ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಒತ್ತಿದ ಮೇಲೆ ಮೇಲೆ ಬಂದು ಗಟ್ಟಿಯಾದರೆ ಹಿಂದಿನ ಶೂಗೂ ಡ್ರಮ್ಮಿಗೂ ನಡುವೆ ಸಂದು ಹೆಚ್ಚಾಗಿರುವುದೇ ಬಹುತೇಕ ಕಾರಣ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಲೇ ಹೋಗುತ್ತಿದೆ, ಹೊರಗೆಲ್ಲೂ ಸೋರಿಲ್ಲ ಅಂದರೆ, ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸವೆದಿದೆ. ಇಂಥ ಕಡೆ ಬರೀ ರಬ್ಬರ್ ಕಿಟ್ ಹಾಕಿಸುವ ಉಳಿತಾಯ ಬೇಡ. ಹಳೆಯ ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಕಪ್ಪನ್ನೂ ಅದು ಬೇಗ ತಿಂದುಹಾಕುತ್ತದೆ. ಪೂರ್ತಿ ಸಿಲಿಂಡರನ್ನೇ ಬದಲಿಸಿ.

ಪೆಡಲ್ ಒತ್ತಲು ಎಂಜಿನ್ನಿನಿಂದ ಬಲ ಕೊಡುವ ಬೂಸ್ಟರ್ ಇರುವ ಮಾಡೆಲ್ ಆದರೆ ಎಂಜಿನ್ ಬಂದ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕೊನೆಯ ಸಲ ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಗ್ಗಬೇಕು. ಜಗ್ಗದಿದ್ದರೆ ಮೊದಲು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ, ಬೂಸ್ಟರ್ ಬದಲಿಸುವ ಮಾತು ಆಮೇಲೆ.

ಬ್ರೇಕ್ ಹಾಕಿದಾಗ ಗಾಡಿ ಬಲಕ್ಕೆ ಎಳೆದರೆ ದೋಷವನ್ನು ಎಡಗಡೆ ಹುಡುಕಿ, ಯಾಕೆಂದರೆ ಹಿಡಿಯುತ್ತಿರುವುದು ಬಲದ ಚಕ್ರ. ಎಡಗಡೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿರಬಹುದು, ಪ್ಯಾಡಿಗೆ ಎಣ್ಣೆ ತಾಗಿರಬಹುದು. ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ಆ ಚಕ್ರದ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿ ನೋಡಿ. ಚಿರ್ರನೆ ಎಣ್ಣೆ ಹಾರಿ ಚಕ್ರ ಸಡಿಲಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಹೊರಗೆ ಚೆನ್ನಾಗಿ ಕಾಣುವ ರಬ್ಬರ್ ಹೋಸ್ ಒಳಗೆ ಊದಿಕೊಂಡು ದಾರಿ ಮುಚ್ಚಿರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ.

ಹೆಚ್ಚು ಹೊತ್ತು ಕೊಡಬೇಕಾದದ್ದು ಹಿಂದಿನ ಡ್ರಮ್ಮಿಗೆ. ಮುಂದಿನ ಪ್ಯಾಡನ್ನು ಎಲ್ಲರೂ ನೋಡುತ್ತಾರೆ, ಹಿಂದಿನದನ್ನು ಬಿಚ್ಚುವವರು ಕಡಿಮೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಇಟ್ಟು ಚಕ್ರ ತೆಗೆಯಿರಿ. ಡ್ರಮ್ ಬರದಿದ್ದರೆ ಸುತ್ತಿಗೆ ಎತ್ತಬೇಡಿ. ಅದರ ಮುಖದಲ್ಲಿರುವ, ಬೋಲ್ಟ್ ತಿರುಗಿಸಲು ಮರೆ ಕೊರೆದ ಎರಡು ತೂತುಗಳಿಗೆ 8 ಎಂ.ಎಂ. ಬೋಲ್ಟ್ ಹಾಕಿ ಎರಡನ್ನೂ ಸಮನಾಗಿ ಬಿಗಿಯುತ್ತಾ ಹೋದರೆ ತಾನಾಗಿ ಹೊರಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನರಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ಒಳಗೆ ಎಣ್ಣೆ ನಿಂತಿದ್ದರೆ ಸಿಲಿಂಡರ್ ಸೋರುತ್ತಿದೆ. ಎಣ್ಣೆ ತೆಳ್ಳಗಿದ್ದು ನೀರಿಗೆ ತೊಳೆದುಹೋದರೆ ಬ್ರೇಕ್ ಆಯಿಲ್. ದಪ್ಪಗೆ ಅಂಟಂಟಾಗಿದ್ದು ಗಂಧಕದ ಘಾಟು ಬಂದರೆ ಆಕ್ಸಲ್ ಸೀಲ್ ದಾಟಿ ಬಂದ ಗೇರ್ ಆಯಿಲ್. ಎರಡನೆಯದಾಗಿದ್ದರೆ ಸಿಲಿಂಡರ್ ಬದಲಿಸಿ ಪ್ರಯೋಜನವಿಲ್ಲ, ಸೀಲ್ ಹಾಕಿಸಬೇಕು. ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಬಿಸಿಯಾದಾಗ ಆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಶೂಗಳನ್ನು ಎಡಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ.

ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ ಕಡಿಮೆಯೆಂದರೂ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಕುದಿದರೆ ಆವಿ ತುಂಬಿ ಪೆಡಲ್ ನೆಲ ಮುಟ್ಟುತ್ತದೆ. ಅರ್ಧ ಲೀಟರಿನ ಸೀಲ್ ಒಡೆಯದ ಡಬ್ಬಿ ಎರಡು ತನ್ನಿ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ, ಮುಚ್ಚಿದ ಮೇಲೆಯೇ ‘ಬಿಡು’ ಅನ್ನಬೇಕು. ಪಾರದರ್ಶಕ ಪೈಪಿನಲ್ಲಿ ಮೊದಲು ಚಹಾದ ಡಿಕಾಕ್ಷನ್ ಬಣ್ಣದ ಎಣ್ಣೆ, ನಡುನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಬರುತ್ತವೆ. ಗುಳ್ಳೆ ನಿಂತು ತಿಳಿ ಎಣ್ಣೆ ಬರುವ ತನಕ ಬಿಡಬೇಡಿ. ಮಾಸ್ಟರ್ ಸಿಲಿಂಡರಿಗೆ ಎಣ್ಣೆ ಕೊಡುವ ಡಬ್ಬಿಯಲ್ಲಿ ಮಟ್ಟ ಪೂರ್ತಿ ಇಳಿದರೆ ಗಾಳಿ ಹೊಕ್ಕು ಕೆಲಸ ಮೊದಲಿನಿಂದ ಮಾಡಬೇಕಾಗುತ್ತದೆ.

ಹೊರಟ ದಿನ ಅಂಚಟಗೇರಿ ದಾಟಿ ರಸ್ತೆ ಖಾಲಿ ಇದ್ದಾಗ 40ರ ವೇಗದಲ್ಲಿ ಎರಡು ಮೂರು ಸಲ ಗಟ್ಟಿ ಬ್ರೇಕ್ ಹಾಕಿ ನೋಡಿ. ಅನುಮಾನ ಬಂದರೆ ಹುಬ್ಬಳ್ಳಿಗೆ ಹಿಂತಿರುಗಿ, ಹೊರಟಾಗಿದೆ ಎಂದು ಮುಂದೆ ಹೋಗಬೇಡಿ. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಒಂದು ಚಕ್ರದಿಂದ ಝಳ ಹೆಚ್ಚು ಬಂದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಘಟ್ಟ ಇಳಿಯಲು ಅದನ್ನು ಸರಿಮಾಡಿಸದೆ ಹೊರಡಬೇಡಿ.

ಇಳಿಯುವಾಗ ಎರಡನೇ ಗೇರು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರದೆ, ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಪೂರ್ತಿ ಬಿಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಬಂದ್ ಮಾಡುವುದು ಬೇಡವೇ ಬೇಡ. ಎಂಜಿನ್ ನಿಂತರೆ ಬೂಸ್ಟರಿನ ಬಲವೂ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ನೀರು ಸುರಿದರೆ ಡ್ರಮ್ ಸೀಳಬಹುದು, ಡಿಸ್ಕ್ ಸೊಟ್ಟಗಾಗಬಹುದು. ಪೆಡಲ್ ಒಮ್ಮೆಲೇ ಆಳಕ್ಕೆ ಹೋದರೆ ಬೇಗ ಬೇಗ ಒತ್ತಿ ಬಿಡುತ್ತಾ ಮೊದಲನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಮ್ಮೆಲೇ ಜಗ್ಗಿದರೆ ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ತಿರುಗುತ್ತದೆ.

ಘಟ್ಟ ಮುಗಿದು ರಾಮನಗುಳಿ, ಸುಂಕಸಾಳ ದಾಟಿದರೆ ಮುಂದೆ ದಾರಿ ಸುಲಭ. ಅಂಕೋಲಾದಲ್ಲಿ ರಾತ್ರಿ ತಂಗುವಾಗ ಸಮತಟ್ಟು ಜಾಗ ಹುಡುಕಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಸಮುದ್ರದ ಉಪ್ಪು ತೇವಕ್ಕೆ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಜೋರಾಗಿ ಕ್ಲಚ್ ಬಿಡಬೇಡಿ. ರಿವರ್ಸಿಗೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಅಲುಗಾಡಿಸಿ, ‘ಟಕ್’ ಎಂದು ಬಿಡುತ್ತದೆ.