ಥೀಸಿಸ್ ಬಾಕಿ ಇರುವಾಗ ಸಿನಿಮಾಗೆ ಹೇಗೆ ಹೋಗ್ತೀಯ?

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಐದನೇ ವರ್ಷ. ಕೋಲಾರ ಸೀಮೆಯ ಕೆರೆ ಶಾಸನಗಳು ನನ್ನ ವಿಷಯ. ಮಧ್ಯಾಹ್ನ ಊಟ ಮಾಡಿ ಎದ್ದವಳು ಒಮ್ಮೊಮ್ಮೆ ಲೈಬ್ರರಿಗೆ ವಾಪಸ್ ಬರದೆ ಸೀದಾ ಸಿನಿಮಾಗೆ ಹೋಗಿಬಿಡುತ್ತೇನೆ ಅನ್ನುವುದು ನಮ್ಮವರಿಗೆಲ್ಲ ಗೊತ್ತು. ಹಾಗಾಗಿ ಈ ಪ್ರಶ್ನೆ ಆಗಾಗ ಬರುತ್ತದೆ. ಅಮ್ಮ ಫೋನಿನಲ್ಲಿ ಕೇಳುತ್ತಾರೆ, ಚಿಕ್ಕಮ್ಮ ಮದುವೆ ಮನೆಯಲ್ಲಿ ಕೇಳುತ್ತಾರೆ. ಅವರು ಕೇಳುವುದು ಕಾಳಜಿಯಿಂದ. ಜೂನಿಯರ್‌ಗಳು ಕೇಳುವುದು ಬೇರೆ ಥರ. ಅವರಿಗೂ ಹೋಗಬೇಕು ಅನ್ನಿಸುತ್ತಿರುತ್ತದೆ, ಹೋದರೆ ತಪ್ಪಾಗುತ್ತದೆ ಅಂತಲೂ ಅನ್ನಿಸುತ್ತಿರುತ್ತದೆ. ಈ ಉತ್ತರ ಜಾಸ್ತಿ ಅವರಿಗಾಗಿ.

ಹೋದ ವರ್ಷದ ಒಂದು ಗುರುವಾರದಿಂದ ಶುರು ಮಾಡುತ್ತೇನೆ. ಬೆಳಿಗ್ಗೆಯಿಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೇ ಸಂಪುಟ ಹಿಡಿದು ಕೂತಿದ್ದೆ. ಬಿ.ಎಲ್. ರೈಸ್ ಸಂಪಾದಿಸಿದ್ದು, 1905ರಲ್ಲಿ ಬಂದದ್ದು, ಆಗಿನ ಕೋಲಾರ ಜಿಲ್ಲೆಯಲ್ಲಿ ಸಿಕ್ಕಿದ್ದ ಶಾಸನಗಳು ಅದರಲ್ಲಿವೆ. ಒಂದೊಂದು ಶಾಸನಕ್ಕೂ ನನ್ನ ಪಟ್ಟಿಯಲ್ಲಿ ಒಂದು ಸಾಲು. ಯಾವ ಊರು, ಯಾವ ಕಾಲ, ಕೆರೆ ಕಟ್ಟಿಸಿದವರು ಯಾರು, ಅದಕ್ಕೆ ಬಿಟ್ಟ ಭೂಮಿ ಎಷ್ಟು. ಕೆರೆಗೊಡಗೆ, ಕಟ್ಟುಕೊಡಗೆ, ದಸವಂದ, ಬಿತ್ತುವಟ್ಟ. ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡಿಕೊಂಡು ಬರುವವರಿಗೆ ಬಿಟ್ಟುಕೊಟ್ಟದ್ದಕ್ಕೆ ಇರುವ ಹೆಸರುಗಳಿವು. ನನಗೆ ಈ ಮಾತುಗಳೆಂದರೆ ಬಹಳ ಪ್ರೀತಿ. ಕೊನೆಯಲ್ಲಿ ಶಾಪ ಇರುತ್ತದೆ. ಇದನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗುತ್ತಾರೆ ಅಂತ. ಈ ಸಾಲು ಎಷ್ಟು ಸಲ ಬರುತ್ತದೆ ಅಂದರೆ, ಸುಸ್ತಾದ ಹೊತ್ತಿನಲ್ಲಿ ಕಣ್ಣು ತಾನಾಗಿಯೇ ಜಾರಿ ಮುಂದಿನ ಶಾಸನಕ್ಕೆ ಹೋಗಿಬಿಡುತ್ತದೆ.

ಅವತ್ತು ಮಧ್ಯಾಹ್ನ ಗೌರಿಬಿದನೂರು ತಾಲೂಕಿನ ಒಂದು ಶಾಸನಕ್ಕೆ ಬಂದೆ. ನನಗೆ ತುಂಬಾ ಇಷ್ಟವಾದದ್ದು. ವಿಜಯನಗರದ ಅರಸ ಇಮ್ಮಡಿ ಹರಿಹರನ ಮಗ ಬುಕ್ಕರಾಯ ಪೆನುಗೊಂಡೆಯಲ್ಲಿ ಆಳುತ್ತಿದ್ದ ಕಾಲದ್ದು. ಹೆನ್ನೆ ನದಿಯ ನೀರನ್ನು ಪೆನುಗೊಂಡೆಗೆ ತರಬೇಕು ಅಂತ ಅಪ್ಪಣೆಯಾಗುತ್ತದೆ. ನೀರಿನ ಕೆಲಸ ಬಲ್ಲ ಸಿಂಗಾಯಭಟ್ಟ ಎಂಬುವನು ಕಾಲುವೆ ತೋಡಿಸಿ ಸಿರುವೆರದ ಕೆರೆಗೆ ನೀರು ತರುತ್ತಾನೆ. ಆ ಕಾಲುವೆಗೆ ಬುಕ್ಕರಾಯನ ಹೆಸರನ್ನೇ ಇಡುತ್ತಾರೆ. ಶಕ ವರ್ಷ 1310. ಇಸವಿ ಬೇಕೆಂದರೆ 78 ಕೂಡಿಸಬೇಕು, 1388 ಆಗುತ್ತದೆ. ನಾನು 78 ಕಳೆದಿದ್ದೆ. ಪಟ್ಟಿಯಲ್ಲಿ 1232 ಅಂತ ಬರೆದು ಮುಂದೆ ಹೋಗಿದ್ದೆ. ವಿಜಯನಗರ ಹುಟ್ಟಿದ್ದೇ 1336ರಲ್ಲಿ. ನನ್ನ ಲೆಕ್ಕದಲ್ಲಿ ಬುಕ್ಕರಾಯ ತನ್ನ ರಾಜ್ಯ ಹುಟ್ಟುವುದಕ್ಕೆ 104 ವರ್ಷ ಮೊದಲೇ ಕಾಲುವೆ ತೋಡಿಸಿದ್ದ.

ಮೇಲಿನ ಸಾಲುಗಳನ್ನು ಮತ್ತೆ ನೋಡಿದೆ. ಒಂದು ಗಂಟೆಯೊಳಗೆ ಇಂಥವೇ ಇನ್ನೂ ಎರಡು ತಪ್ಪು ಮಾಡಿದ್ದೆ. ಆಗ ಗೆಳತಿಯೊಬ್ಬಳು ಬಂದು, "ಮ್ಯಾಟಿನಿಗೆ ಬರ್ತೀಯಾ? ಇವತ್ತೇ ಕೊನೆ, ನಾಳೆ ತೆಗೀತಾರೆ" ಅಂದಳು. ಪುಸ್ತಕ ವಾಪಸ್ ಕೊಟ್ಟು ಹೋದೆ. ಜಯಲಕ್ಷ್ಮೀಪುರಂನ ಮಾಲ್‌ಗೆ, ನಡೆದುಕೊಂಡೇ.

ಆ ಸಿನಿಮಾ ನೋಡುತ್ತಾ ಥೀಸಿಸ್‌ಗೆ ಒಂದು ಹೊಸ ಯೋಚನೆ ಹೊಳೆಯಿತು ಅಂತ ಹೇಳಿದರೆ ಕೇಳುವವರಿಗೆ ಸಮಾಧಾನ ಆಗುತ್ತದೆ. ಹಾಗೇನೂ ಆಗಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗಿಲ್ಲ. ಎರಡೂವರೆ ಗಂಟೆ ಕತ್ತಲಲ್ಲಿ ಕೂತಿದ್ದೆ, ಬೇರೆಯವರ ಕಷ್ಟಕ್ಕೆ ಅತ್ತೆ, ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅಷ್ಟೇ. ನನಗೆ ಬೇಕಾಗಿದ್ದೂ ಅದೇ. ಸಿನಿಮಾದಿಂದ ಥೀಸಿಸ್‌ಗೆ ಲಾಭ ಆಗಲೇಬೇಕು ಅಂದುಕೊಂಡರೆ ಅದೂ ಒಂದು ಕೆಲಸವಾಗಿಬಿಡುತ್ತದೆ ಅಲ್ವಾ?

ಆದರೆ ಹೋಗಬಾರದ ದಿನಗಳೂ ಇವೆ. ಇದನ್ನು ಕಲಿಯಲು ನನಗೆ ತುಂಬಾ ದಿನ ಬೇಕಾಯಿತು.

ಮೂರನೇ ವರ್ಷದಲ್ಲಿ ಒಂದೇ ವಾರದಲ್ಲಿ ಮೂರು ಸಿನಿಮಾ ನೋಡಿದೆ. ಮುಂದಿನ ಸೋಮವಾರ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್‌ಗೂ ಹೀಗೆ ಒಂದು ಸಲ ಹೋಗಿ ಕೂರಬೇಕು. ನನ್ನ ಕೆಲಸ ನಿಂತುಹೋಗಿತ್ತು. ಸುಸ್ತೇನೂ ಆಗಿರಲಿಲ್ಲ. ರಾಜರು ಕೊಟ್ಟ ದಾನದಿಂದಲೇ ಈ ಕೆರೆಗಳು ಉಳಿದವು ಅಂತ ನನ್ನ ಸಾರಲೇಖದಲ್ಲಿ (ಸಿನಾಪ್ಸಿಸ್) ಬರೆದಿದ್ದೆ. ಓದುತ್ತಾ ಹೋದ ಹಾಗೆ ಶಾಸನಗಳು ಬೇರೆಯದನ್ನೇ ಹೇಳಿದವು. ಕೆರೆಗಳನ್ನು ಉಳಿಸಿಕೊಂಡು ಬಂದವರು ಊರಿನ ಗೌಡರು, ದಂಡನಾಯಕರು, ದೇವಸ್ಥಾನ ನೋಡಿಕೊಳ್ಳುವವರು, ಕೆಲವು ಕಡೆ ಹೆಂಗಸರು. ರಾಜನ ಹೆಸರು ಬರುತ್ತದೆ, ಆದರೆ ಎಷ್ಟೋ ಕಡೆ ಕಾಲ ಹೇಳುವುದಕ್ಕೆ ಮಾತ್ರ. "ನಾನು ಮೊದಲು ಅಂದುಕೊಂಡದ್ದು ಸರಿಯಲ್ಲ" ಅಂತ ಒಂದು ಸಾಲು ಬರೆಯಬೇಕಿತ್ತು. ಅದನ್ನು ಬರೆಯಲು ಭಯ. ಬರೆದರೆ ಇಡೀ ಅಧ್ಯಾಯ ಮತ್ತೆ ಕಟ್ಟಬೇಕು, ಸಮಿತಿ ಏನನ್ನುತ್ತದೋ ಗೊತ್ತಿಲ್ಲ. ಅದಕ್ಕೇ ಥಿಯೇಟರ್‌ಗೆ ಓಡುತ್ತಿದ್ದೆ. ಆ ಸಾಲು ನನ್ನ ಜೊತೆಗೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿತ್ತು. ಇಂಟರ್‌ವೆಲ್‌ನಲ್ಲಿ ಮೊಬೈಲ್ ತೆಗೆದು ಮೇಲ್ ನೋಡುತ್ತಿದ್ದೆ. ಮೂರು ಸಿನಿಮಾಗಳಲ್ಲಿ ಒಂದರ ಕಥೆಯೂ ಇವತ್ತು ನೆನಪಿಲ್ಲ.

ಭಾನುವಾರ ರಾತ್ರಿ ಆ ಸಾಲು ಬರೆದೆ. ಹತ್ತು ನಿಮಿಷ ಹಿಡಿಯಿತು. ಸೋಮವಾರ ಅದನ್ನೇ ಸಮಿತಿಯ ಮುಂದೆ ಓದಿದೆ. ಅಧ್ಯಾಯ ಮತ್ತೆ ಕಟ್ಟಲು ಏಳು ತಿಂಗಳು ಬೇಕಾಯಿತು, ಆದರೆ ಅದೇ ಈಗ ನನ್ನ ಥೀಸಿಸ್‌ನ ಮುಖ್ಯ ಭಾಗ.

ಕೆಲಸ ಸುಸ್ತಿನಿಂದ ನಿಂತಿದೆಯೋ ಭಯದಿಂದ ನಿಂತಿದೆಯೋ ಒಳಗಿನಿಂದ ತಿಳಿಯುವುದಿಲ್ಲ. ಎರಡೂ ಒಂದೇ ಥರ ಇರುತ್ತವೆ, ಎದ್ದು ಹೋಗಬೇಕು ಅನ್ನಿಸುತ್ತದೆ. ಅದಕ್ಕೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಎದ್ದು ಹೋಗುವ ಮೊದಲು ಫೈಲಿನ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ನಾಳೆಯ ಮೊದಲ ಕೆಲಸ ಬರೆಯುತ್ತೇನೆ. ಆ ಗುರುವಾರ ಬರೆದದ್ದು ಹೀಗಿತ್ತು: "ಗೌರಿಬಿದನೂರಿನ ಎಲ್ಲ ಶಾಸನಗಳ ಇಸವಿಯನ್ನೂ ಸಂವತ್ಸರದ ಜೊತೆ ಇಟ್ಟು ಮತ್ತೆ ನೋಡು." ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ, ಇಸವಿ ತಪ್ಪಿದರೆ ಸಾಮಾನ್ಯವಾಗಿ ಸಂವತ್ಸರ ಹೊಂದುವುದಿಲ್ಲ. ಬೆಳಿಗ್ಗೆ ಬಂದು ಕೂತ ಕೂಡಲೇ ಕೈ ಹಾಕಬಹುದಾದ ಕೆಲಸ. ಇಂಥ ಸಾಲು ಬಂದರೆ ಹೋಗುತ್ತೇನೆ. ಅದರ ಬದಲು "ಅಧ್ಯಾಯ 3 ಬರೆ" ಅಂತ ಬಂದರೆ ಹೋಗುವುದಿಲ್ಲ. ಅಷ್ಟು ದೊಡ್ಡದಾಗಿ, ಅಷ್ಟು ಮಸುಕಾಗಿ ಬಂದಿದೆ ಅಂದರೆ ನಾನು ಯಾವುದನ್ನೋ ಮುಟ್ಟಲು ಹೆದರುತ್ತಿದ್ದೇನೆ. ಅದು ಏನು ಅಂತ ಹುಡುಕಿ, ಕೆಟ್ಟದಾಗಿಯಾದರೂ ಒಂದು ಸಾಲು ಬರೆದ ಮೇಲೆಯೇ ಏಳುತ್ತೇನೆ. ಆಗ ಎಷ್ಟೋ ಸಲ ಸಿನಿಮಾ ಬೇಕು ಅಂತಲೇ ಅನ್ನಿಸುವುದಿಲ್ಲ.

ಭಾನುವಾರಕ್ಕೆ ಇಟ್ಟುಕೊಳ್ಳಬಾರದಾ, ಪ್ಲಾನ್ ಮಾಡಿ ಹೋಗಬಾರದಾ ಅಂತ ಅಮ್ಮ ಕೇಳುತ್ತಾರೆ. ದೊಡ್ಡ ಸಿನಿಮಾಗಳಿಗೆ ಅದು ಸರಿ. ನನಗೆ ಇಷ್ಟವಾಗುವುದು ಚಿಕ್ಕ ಕನ್ನಡ ಸಿನಿಮಾಗಳು. ಶುಕ್ರವಾರ ಬರುತ್ತವೆ, ಮಲ್ಟಿಪ್ಲೆಕ್ಸ್‌ನಲ್ಲಿ ದಿನಕ್ಕೆ ಒಂದೋ ಎರಡೋ ಶೋ, ಅದೂ ಜನ ಬರಲಾಗದ ಹೊತ್ತಿಗೆ. ಮುಂದಿನ ಗುರುವಾರಕ್ಕೆ ಹೋಗಿಬಿಡುತ್ತವೆ. ಎಷ್ಟೋ ಸಿನಿಮಾಗಳು ಆಮೇಲೆ ಒಟಿಟಿಗೂ ಬರುವುದಿಲ್ಲ. ಹಿಂದೆ ಹೀಗೆ ಬಿಟ್ಟುಹೋಗುವ ಸಿನಿಮಾಗಳಿಗೆ ಇನ್ನೊಂದು ಜಾಗವಾದರೂ ಇತ್ತು. ಮೈಸೂರಿನ ಶಾಂತಲಾ, ಲಕ್ಷ್ಮೀ ಚಿತ್ರಮಂದಿರಗಳು 2020ರಲ್ಲಿ ಕೊರೊನಾ ಹೊತ್ತಿಗೆ ಬಾಗಿಲು ಮುಚ್ಚಿದವು. ಅವುಗಳ ಮುಂದೆ ಹೋಗುವಾಗ ಈಗಲೂ ಬೇಜಾರಾಗುತ್ತದೆ.

ದುಡ್ಡಿನ ಮಾತನ್ನೂ ಹೇಳಬೇಕು. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಯುಜಿಸಿ ಕೊಡುವ ಫೆಲೋಶಿಪ್) ಸಿಕ್ಕಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ನನಗೆ ಅದು ಸಿಕ್ಕಿಲ್ಲ. ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ ಬರುವ ಹಣದಲ್ಲಿ ತಿಂಗಳು ದೂಡಬೇಕು. ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ನಿಯಮ ತಂದಾಗ ಖುಷಿಪಟ್ಟಿದ್ದೆ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅದಕ್ಕೇ ವಾರದ ದಿನದ ಮ್ಯಾಟಿನಿ, ಪಾಪ್‌ಕಾರ್ನ್ ಇಲ್ಲ.

ಮ್ಯಾಟಿನಿಗೆ ಇನ್ನೊಂದು ಕಾರಣ ಹಾಸ್ಟೆಲ್ ಗೇಟು. ನಾನು ಮೊದಲು ಇದ್ದ ಹಾಸ್ಟೆಲ್‌ನಲ್ಲಿ ರಾತ್ರಿ ತಡವಾದರೆ ಪತ್ರ ಬರೆದುಕೊಡಬೇಕಿತ್ತು. ಜೊತೆಯ ಹುಡುಗರು ಓದಿ ಮುಗಿಸಿ ಸೆಕೆಂಡ್ ಶೋಗೆ ಹೋಗಿ ಬರುತ್ತಿದ್ದರು. ಅವರನ್ನು ಯಾರೂ "ಹೇಗೆ ಹೋಗ್ತೀಯ" ಅಂತ ಕೇಳಿದ್ದು ನಾನು ನೋಡಿಲ್ಲ. ನಾವು ಹಗಲು ಹೊತ್ತಿನಲ್ಲಿ ಹೋಗುವುದರಿಂದ ಎಲ್ಲರ ಕಣ್ಣಿಗೂ ಬೀಳುತ್ತೇವೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಸಮಯ ಇದೆಯಾ ಅಂತ ಕೇಳುವವರಿಗೆ: ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಎರಡು ವರ್ಷ ಹೆಚ್ಚು ಸಿಗಬಹುದು, ಹೆಂಗಸರಿಗೆ ಇನ್ನೂ ಎರಡು. ನನಗೆ ಆರರೊಳಗೆ ಮುಗಿಸಬೇಕು ಅಂತ ಆಸೆ. ತಿಂಗಳಿಗೆ ಎರಡು ಮಧ್ಯಾಹ್ನದಿಂದ ಅದು ತಪ್ಪಿಹೋಗುವುದಿಲ್ಲ.

ಹೋದ ವಾರ ಒಬ್ಬ ಜೂನಿಯರ್ ಹುಡುಗಿ ಬಂದು, "ಅಕ್ಕ, ಸಿನಿಮಾಗೆ ಹೋಗೋಣ್ವಾ?" ಅಂದಳು. ನಾಳೆ ಬೆಳಿಗ್ಗೆ ಮೊದಲು ಏನು ಮಾಡ್ತೀಯ ಅಂತ ಕೇಳಿದೆ. "ಎರಡನೇ ಅಧ್ಯಾಯ ಮುಗಿಸಬೇಕು" ಅಂದಳು. ಅವಳನ್ನು ಪಕ್ಕ ಕೂರಿಸಿಕೊಂಡೆ. ಯಾವ ಜಾಗದಲ್ಲಿ ನಿಂತಿದೆ, ಯಾಕೆ, ಅಂತ ಇಬ್ಬರೂ ಸುಮ್ನೆ ಮಾತಾಡಿದೆವು. ಮುಕ್ಕಾಲು ಗಂಟೆಯಾದ ಮೇಲೆ ಅವಳು ನೋಟ್‌ಬುಕ್ ತೆಗೆದು ಬರೆದಳು: "ಮೂರನೇ ಪ್ರಶ್ನೆಗೆ ಬಂದ ಉತ್ತರಗಳನ್ನು ಊರಿನ ಪ್ರಕಾರ ಬೇರೆ ಮಾಡುವುದು." ಬರೆದು ನನ್ನ ಮುಖ ನೋಡಿದಳು. ಅಷ್ಟು ಹೊತ್ತಿಗೆ ಶೋ ಶುರುವಾಗಿತ್ತು. ಆದರೂ ಓಡಿದೆವು, ಕತ್ತಲಲ್ಲಿ ತಡಕಾಡಿ ಸೀಟು ಹುಡುಕಿಕೊಂಡು ಕೂತೆವು. ಅವಳು ಮೊಬೈಲ್ ಆಫ್ ಮಾಡಿ ಬ್ಯಾಗಿಗೆ ಹಾಕಿದಳು.