ಹಾಡಿನ ಮಿಕ್ಸ್: ದನಿಯ ರಿವರ್ಬ್ ಎಲ್ಲಿವರೆಗೆ ಬಂತು

ವಾದ್ಯಗಳ ಮಟ್ಟ ಕಳೆದ ವಾರವೇ ಹದಕ್ಕೆ ಬಂದಿತ್ತು. ಈ ವಾರ ಕೈ ಹಾಕಿದ್ದು ದನಿಯ ರಿವರ್ಬ್‌ಗೆ, ಅಂದರೆ ದನಿಯ ಸುತ್ತ ಜಾಗದ ಅನುರಣನ ಸೇರಿಸುವ ಎಫೆಕ್ಟ್‌ಗೆ ಮಾತ್ರ. ಹಾಡು ನಿಧಾನದ್ದು, 75 ಬಿಪಿಎಂ (ನಿಮಿಷಕ್ಕೆ 75 ಬೀಟ್). ದನಿಗೆ ವಿಶಾಲವಾದ ಜಾಗ ಸಿಗಬೇಕು, ಆದರೆ ಸಾಹಿತ್ಯದ ಒಂದಕ್ಷರವೂ ಮಸುಕಾಗಬಾರದು.

ರಿವರ್ಬನ್ನು ದನಿಯ ಟ್ರ್ಯಾಕ್ ಮೇಲೇ ಹಾಕದೆ ಬೇರೆ ಆಕ್ಸ್‌ನಲ್ಲಿಟ್ಟು (ಎಫೆಕ್ಟ್‌ಗೆಂದೇ ಇರುವ ಸಹಾಯಕ ಚಾನೆಲ್), ವೆಟ್ (ಎಫೆಕ್ಟ್ ಆದ ಸದ್ದಿನ ಪಾಲು) ಶೇ. 100ಕ್ಕೆ ಏರಿಸಿ, ದನಿಯ ಒಂದು ನಕಲನ್ನು ಸೆಂಡ್ ಮೂಲಕ ಅಲ್ಲಿಗೆ ಕಳಿಸುತ್ತಿದ್ದೇನೆ. ಮೂಲ ದನಿ ಹೀಗೆ ಒಣಗಿದಂತೆಯೇ (ಎಫೆಕ್ಟ್ ಇಲ್ಲದೆ) ಉಳಿಯುತ್ತದೆ, ರಿವರ್ಬನ್ನು ಬೇರೆಯಾಗಿ ತಿದ್ದಬಹುದು. ಆರಿಸಿಕೊಂಡದ್ದು ಪ್ಲೇಟ್, ಅಂದರೆ ಲೋಹದ ತಗಡಿನ ಕಂಪನದಿಂದ ಬರುವ ಬಗೆಯ ರಿವರ್ಬ್.

ಮೊದಲು ಪ್ರೀ-ಡಿಲೇ, ಅಂದರೆ ದನಿ ಬಂದ ಮೇಲೆ ರಿವರ್ಬ್ ಶುರುವಾಗುವವರೆಗಿನ ಅಂತರ. ಒಂದು ನಿಮಿಷದ 60,000 ಮಿಲಿಸೆಕೆಂಡನ್ನು 75ರಿಂದ ಭಾಗಿಸಿದರೆ ಒಂದು ಬೀಟ್‌ಗೆ 800 ಮಿಲಿಸೆಕೆಂಡ್. ಅದರಲ್ಲಿ ಹದಿನಾರನೇ ಒಂದು ಪಾಲು 50. ಅಷ್ಟಕ್ಕೆ ಇಟ್ಟ ಕೂಡಲೇ ದನಿ ಮುಂದೆ ಬಂದು ನಿಂತಿತು. ವ್ಯಂಜನದ ಪೆಟ್ಟು ಮೊದಲು ಕಿವಿಗೆ ತಲುಪುತ್ತದೆ, ಜಾಗದ ಸದ್ದು ಅದರ ಬೆನ್ನಿಗೆ ಬರುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಒತ್ತಕ್ಷರಗಳು. 'ಕತ್ತಲು' ಅಂತ ಹಾಡುವಾಗ 'ತ್ತ' ಸಿಡಿಯುವ ಮುಂಚೆ ಗಾಯಕಿ ಗಾಳಿ ತಡೆದು ಹಿಡಿಯುತ್ತಾರೆ. ಆ ಚಿಕ್ಕ ಮೌನವೇ ಒತ್ತು. 2.8 ಸೆಕೆಂಡಿನ ಡಿಕೇ (ರಿವರ್ಬ್ ಕರಗಲು ಹಿಡಿಯುವ ಸಮಯ) ಇದ್ದಾಗ ಹಿಂದಿನ 'ಕ'ದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತಿತ್ತು, ಕಿವಿಗೆ ಬೀಳುತ್ತಿದ್ದದ್ದು ಬರೀ 'ಕತಲು'. ಡಿಕೇ 1.6ಕ್ಕೆ, ಅಂದರೆ ಎರಡು ಬೀಟ್‌ಗೆ ಇಳಿಸಿದೆ. ಅರ್ಧ ಸರಿಹೋಯಿತು. ಉಳಿದರ್ಧಕ್ಕೆ ಡಕಿಂಗ್: ರಿವರ್ಬ್ ಆದಮೇಲೆ ಒಂದು ಕಂಪ್ರೆಸರ್ (ಸದ್ದನ್ನು ತಗ್ಗಿಸುವ ಸಾಧನ), ಅದರ ಸೈಡ್‌ಚೈನ್‌ಗೆ (ಯಾವಾಗ ತಗ್ಗಿಸಬೇಕೆಂದು ಹೇಳುವ ಇನ್‌ಪುಟ್) ಒಣ ದನಿ. ಹಾಡುತ್ತಿರುವಾಗ ರಿವರ್ಬ್ ನಾಲ್ಕೈದು ಡಿಬಿ ತಗ್ಗುತ್ತದೆ, ಸಾಲು ಮುಗಿದಾಗ ಮೇಲೇಳುತ್ತದೆ. ಇಲ್ಲಿ ಎಲ್ಲವೂ ರಿಲೀಸ್ ಮೇಲೆ, ಅಂದರೆ ತಗ್ಗಿದ ರಿವರ್ಬ್ ಮತ್ತೆ ಮೇಲೇಳಲು ಹಿಡಿಯುವ ಸಮಯದ ಮೇಲೆ ನಿಂತಿದೆ. 80 ಮಿಲಿಸೆಕೆಂಡ್ ಇಟ್ಟರೆ ಒತ್ತಿನ ಮೌನದಲ್ಲೇ ರಿವರ್ಬ್ ಮತ್ತೆ ತಲೆಯೆತ್ತುತ್ತದೆ. 300ರ ಆಸುಪಾಸಿನಲ್ಲಿ ಒತ್ತು ಒತ್ತಾಗಿಯೇ ಉಳಿಯಿತು, ಸಾಲಿನ ಕೊನೆಯ ದೀರ್ಘ ಸ್ವರಕ್ಕೂ ಬೇಕಾದಷ್ಟು ಬಾಲ ಸಿಕ್ಕಿತು.

ಈಕ್ಯೂ (ಆವರ್ತನಗಳನ್ನು ಏರಿಳಿಸುವ ಸಾಧನ) ರಿವರ್ಬ್‌ಗೆ ಹೋಗುವ ದಾರಿಯಲ್ಲೇ ಇದೆ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋ ಹೆಸರಿನಲ್ಲಿ ಎಲ್ಲರೂ ಹೇಳುವ ವಿಧಾನದಲ್ಲಿ 600 ಹರ್ಟ್ಸ್‌ನಿಂದ ಕೆಳಗೆ, 10 ಕಿಲೋಹರ್ಟ್ಸ್‌ನಿಂದ ಮೇಲೆ ಕತ್ತರಿಸುತ್ತಾರೆ. ಈ ಹಾಡಿನಲ್ಲಿ ವಾದ್ಯಗಳು ಕಡಿಮೆ, ಹಾಗಾಗಿ 600 ನನಗೆ ತೆಳುವೆನಿಸಿತು, 400ಕ್ಕೆ ನಿಲ್ಲಿಸಿದೆ. ಮೇಲ್ಗಡೆ ಮಾತ್ರ ಇನ್ನೂ ಬಿಗಿ ಮಾಡಿ 7 ಕಿಲೋಹರ್ಟ್ಸ್‌ಗೆ ತಂದೆ. 'ಸ', 'ಶ'ಗಳ ಸೀಟಿ ಪ್ಲೇಟ್‌ನಲ್ಲಿ ಎದ್ದು ಕೇಳುತ್ತದೆ, ಆದ್ದರಿಂದ ಸೆಂಡ್‌ನಲ್ಲೇ ಆ ಸೀಟಿ ತಗ್ಗಿಸುವ ಒಂದು ಡಿ-ಎಸರ್ ಕೂಡ ಇದೆ. ಮೂಲ ದನಿಗೆ ಇಷ್ಟು ಗಟ್ಟಿಯಾದ ಡಿ-ಎಸರ್ ಹಾಕಿದರೆ ಉಚ್ಚಾರ ತೊದಲುತ್ತದೆ. ರಿವರ್ಬ್‌ಗೆ ಹೋಗುವ ದನಿಗೆ ಆ ಭಯವಿಲ್ಲ.

ಮೋನೋದಲ್ಲಿ (ಎಡ-ಬಲದ ಸದ್ದನ್ನು ಒಂದು ಮಾಡಿ), ವಾಲ್ಯೂಮ್ ತೀರಾ ತಗ್ಗಿಸಿ ಕೇಳಿದೆ. ಪಲ್ಲವಿಯ ಪದಗಳೆಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಎರಡನೇ ಚರಣ ಬಾಕಿ: ಅಲ್ಲಿ ದನಿ ತಾರಸ್ಥಾಯಿಗೆ ಹೋದಾಗ ರಿವರ್ಬ್ ತಾನಾಗೇ ಹೆಚ್ಚಿದಂತೆ ಕೇಳುತ್ತದೆ. ಆ ನಾಲ್ಕು ಸಾಲಿಗೆ ಸೆಂಡ್ ಆಟೊಮೇಷನ್ ಬರೆದು, ಅದರ ಮಟ್ಟ ತಾನಾಗಿ ತಗ್ಗುವಂತೆ ಮಾಡಬೇಕು.